ಹಾನಾ ರಸ್ತೆ ಇಷ್ಟೊಂದು ತಿರುಗೋದು ಯಾಕೆ?

ಹವಾಯಿಯ ಮೌಯಿ ದ್ವೀಪಕ್ಕೆ ರಜೆಗೆ ಹೋದವರಲ್ಲಿ ಬಹಳ ಜನ ಒಂದು ದಿನವನ್ನು ಹಾನಾ ರಸ್ತೆಗೆ ಅಂತಾನೇ ಇಡ್ತಾರೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಕಾಡು, ಜಲಪಾತ. ರೀಲ್ಸ್‌ನಲ್ಲಿ ಇಷ್ಟು ಎಲ್ಲರೂ ನೋಡಿರ್ತೀವಿ. ಈ ಸಲ ನಾವು ಅದೇ ರಸ್ತೆಯನ್ನು ಸರ್ವೇಯಿಂಗ್ ಕ್ಲಾಸಿನ ಕಣ್ಣಲ್ಲಿ ನೋಡೋಣ.

ಕಹುಲುಯಿಯಿಂದ ಹಾನಾ ಊರಿಗೆ ಸುಮಾರು 84 ಕಿ.ಮೀ. ಎಲ್ಲೂ ನಿಲ್ಲಿಸದೆ ಹೋದರೂ ಎರಡೂವರೆ ಗಂಟೆ ಬೇಕು, ಅಂದರೆ ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಸುಮಾರು 620 ತಿರುವು, 59 ಸೇತುವೆ. ಅದರಲ್ಲಿ 46 ಸೇತುವೆಗಳಲ್ಲಿ ಒಂದು ಸಲಕ್ಕೆ ಒಂದೇ ಕಾರು.

ಕಾರಣ ಮಳೆ. ವಾಣಿಜ್ಯ ಮಾರುತಗಳು ಈಶಾನ್ಯದಿಂದ ಬಂದು 3,055 ಮೀಟರ್ ಎತ್ತರದ ಹಲೆಯಕಲಾ ಜ್ವಾಲಾಮುಖಿಗೆ ಬಡಿಯುತ್ತವೆ. ಗಾಳಿ ಮೇಲೇರಿ, ತಣ್ಣಗಾಗಿ, ಈ ಬದಿಯಲ್ಲೇ ಸುರಿದುಬಿಡುತ್ತದೆ. ಬೆಟ್ಟದ ಆಚೆ ಬದಿ ಒಣ ನೆಲ. ನಮ್ಮ ಆಗುಂಬೆ, ಚಿತ್ರದುರ್ಗದ ಕಥೇನೇ, ಮಾರುತ ಮಾತ್ರ ಬೇರೆ. ಆ ನೀರು ಲಾವಾ ಇಳಿಜಾರನ್ನು ಕೊರೆದು ಸಾಲು ಸಾಲು ಕಣಿವೆ ಮಾಡಿದೆ.

ಈಗ ಕಾಂಟೂರ್ ನೆನಪಿಸಿಕೊಳ್ಳಿ. ಒಂದು ಕಣಿವೆಯ ಬಾಯಿ 200 ಮೀಟರ್ ಅಗಲ, ಒಳಗಡೆ ಹಳ್ಳ ಬರೀ 10 ಮೀಟರ್ ಅಂತ ಇಟ್ಕೊಳ್ಳೋಣ. ಬಾಯಿಯ ಹತ್ತಿರ ದಾಟಬೇಕಾದರೆ ದೊಡ್ಡ ಸೇತುವೆ ಬೇಕು. ಅದರ ಬದಲು ಅದೇ ಎತ್ತರದಲ್ಲಿ ಬೆಟ್ಟಕ್ಕೆ ಅಂಟಿಕೊಂಡು ಒಳಗೆ ಹೋಗಿ, 10 ಮೀಟರ್ ದಾಟಿ, ಆಚೆ ದಡದಲ್ಲಿ ಹೊರಗೆ ಬಂದರೆ ಆಯ್ತು. ಕಾಂಕ್ರೀಟ್ ಉಳೀತು, ತಿರುವು ಹೆಚ್ಚಾಯ್ತು. 1926ರಲ್ಲಿ ಈ ರಸ್ತೆ ಹಾನಾವರೆಗೆ ತೆರೆದಾಗ ಓಡಾಡುತ್ತಿದ್ದ ಗಾಡಿಗಳೇ ಕಮ್ಮಿ, ಹಾಗಾಗಿ ಒಂದು ಲೇನ್ ಸಾಕಾಗಿತ್ತು.

ವೇಗದ ಲೆಕ್ಕವನ್ನೂ ಮಾಡಿಬಿಡೋಣ. ಸಮತಟ್ಟಾದ ತಿರುವಿನಲ್ಲಿ v² = f·g·r. ಒದ್ದೆ ರಸ್ತೆ ಅಂತ f ಅನ್ನು 0.3, ತ್ರಿಜ್ಯ 15 ಮೀಟರ್ ಹಿಡಿದರೆ v ಸೆಕೆಂಡಿಗೆ 6.6 ಮೀಟರ್, ಅಂದರೆ ಗಂಟೆಗೆ 24 ಕಿ.ಮೀ. ತ್ರಿಜ್ಯ ಎರಡು ಪಟ್ಟಾದರೂ ವೇಗ ಎರಡು ಪಟ್ಟಾಗಲ್ಲ, 34ಕ್ಕೆ ನಿಲ್ಲುತ್ತೆ. (ಇಂಟರ್ನಲ್ಸ್‌ಗೂ ಉಪಯೋಗಕ್ಕೆ ಬರಬಹುದು.)

ಹಾಗಾದರೆ ಅಗಲ ಮಾಡಬಹುದಲ್ವಾ? ಅಷ್ಟು ಸುಲಭ ಅಲ್ಲ. 2001ರಲ್ಲಿ ಈ ರಸ್ತೆ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದೆ. ನಮಗನಿಸೋದು, ಇಲ್ಲಿ ಅಗಲಕ್ಕಿಂತ ಶಿಸ್ತು ಮುಖ್ಯ. ಹಾನಾದವರಿಗೆ ಇದು ಸೀನರಿ ಅಲ್ಲ, ಕೆಲಸಕ್ಕೆ, ದೊಡ್ಡ ಆಸ್ಪತ್ರೆಗೆ ಹೋಗೋ ದಾರಿ. ಫೋಟೋಗೆ ಅಂತ ಸೇತುವೆ ಪಕ್ಕ ಕಾರು ನಿಲ್ಲಿಸಿದರೆ ಆಂಬುಲೆನ್ಸ್ ಕೂಡ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎದುರಿನಿಂದ ಬಂದವರಿಗೆ ದಾರಿ ಬಿಡಬೇಕು, ಹಿಂದೆ ಸ್ಥಳೀಯರ ಗಾಡಿ ಕಂಡರೆ ಜಾಗ ಸಿಕ್ಕ ಕಡೆ ಪಕ್ಕಕ್ಕೆ ಸರಿಯಬೇಕು.

ಜಲಪಾತದ ಗುಂಡಿಗೆ ಇಳಿಯುವವರು ಇನ್ನೊಂದು ವಿಷಯ ಗಮನಿಸಲೇಬೇಕು. ಇಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆಯಾಗುತ್ತಿದ್ದರೆ ಹಳ್ಳ ಕೆಲವೇ ನಿಮಿಷದಲ್ಲಿ ಏರುತ್ತೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ ತಕ್ಷಣ ದಡ ಹತ್ತಬೇಕು.

ಹಾನಾ ಹತ್ತಿರದ ವಯಾನಪನಪದಲ್ಲಿ ಕಪ್ಪು ಕಡಲತೀರ ಇದೆ, ಲಾವಾ ಪುಡಿಯಾಗಿ ಆದದ್ದು. ಹೊರಗಿನವರು ಮೊದಲೇ ಬುಕ್ ಮಾಡಬೇಕು. ಪೆಟ್ರೋಲ್ ಪಾಯಿಯಾ ಊರಲ್ಲೇ ತುಂಬಿಸಿಕೊಳ್ಳಿ, ಆಮೇಲೆ ಹಾನಾವರೆಗೆ ಬಂಕ್ ಇಲ್ಲ. ಕತ್ತಲಾಗುವ ಮೊದಲು ವಾಪಸ್ ತಲುಪುವ ಹಾಗೆ ಮಧ್ಯಾಹ್ನವೇ ಹೊರಡಬೇಕು, ಅದೇ 620 ತಿರುವು ಮತ್ತೆ ಬಾಕಿ ಇರುತ್ತೆ.