ಮೊಣಕೈ ಮೇಲಿನ ಬಿಳಿ ಹುರುಪೆ: ಅಂಜಿಕೆಯೂ ಬೇಡ, ಅಸಡ್ಡೆಯೂ ಬೇಡ



ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆಯ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆ. ಏಪ್ರಿಲ್ ತಿಂಗಳ ಬಿಸಿಲು. ಕಾಫಿ ತಂದುಕೊಟ್ಟ ಮಗಳಿಗೆ ಇಪ್ಪತ್ತೆರಡರ ವಯಸ್ಸು. ಆ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳು ಮುಚ್ಚುವ ಉಡುಪು ತೊಟ್ಟಿದ್ದಳು. ಅವಳು ಒಳಗೆ ಹೋಗುವುದನ್ನೇ ಕಾದಿದ್ದ ತಾಯಿ ಮೆಲ್ಲಗೆ ಹೇಳಿದರು: “ಫಾದರ್, ಯಾರ ಹತ್ರಾನೂ ಹೇಳ್ಬೇಡಿ. ಇವಳ ಮೊಣಕೈ ಮೇಲೆ ಏನೋ ಎದ್ದಿದೆ. ಬಿಳೀ ಹೊಟ್ಟು ಉದುರುತ್ತೆ. ಒಂದೂವರೆ ವರ್ಷ ಆಯ್ತು. ದೊಡ್ಡ ರೋಗ ಆಗಿದ್ರೆ ಮದುವೆ ಹೇಗೆ ಮಾಡೋದು?”

ದೊಡ್ಡ ರೋಗ ಎಂದರೆ ಕುಷ್ಠ ಎಂದು ನಿಮಗೆ ಗೊತ್ತು. ಆ ಒಂದು ಹೆಸರಿನ ಭಯಕ್ಕೆ ಅವರು ಯಾವ ವೈದ್ಯರ ಬಳಿಯೂ ಹೋಗಿರಲಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಿದ್ದರು. ಹಚ್ಚಿದ ವಾರ ಮಾಯ. ಬಿಟ್ಟರೆ ಮೊದಲಿಗಿಂತ ಹೆಚ್ಚು.

ಕೊನೆಗೆ ಕೋಲಾರಕ್ಕೆ ಹೋಗಿ ಚರ್ಮವೈದ್ಯರಿಗೆ ತೋರಿಸಿದರು. ಅದು ಸೋರಿಯಾಸಿಸ್, ಕುಷ್ಠವಲ್ಲ, ಮುಟ್ಟಿದರೆ ಹರಡುವ ರೋಗವೂ ಅಲ್ಲ ಎಂದು ತಿಳಿದಾಗ ತಾಯಿ ಸಂತೋಷದಿಂದ ಅತ್ತರು. ಆದರೆ ಅಷ್ಟು ಹೊತ್ತಿಗೆ ಮಗಳ ಬಲಗೈಯ ನಡುಬೆರಳು ಊದಿಕೊಂಡಿತ್ತು. ಹೊಲಿಗೆ ಕೆಲಸ ಮಾಡುವ ಆ ಹುಡುಗಿಗೆ ಬೆಳಗಿನ ಹೊತ್ತು ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ಅದೂ ಈ ರೋಗದ್ದೇ ಲಕ್ಷಣ. ಒಂದು ವರ್ಷ ಮೊದಲೇ ತೋರಿಸಿದ್ದರೆ ಚೆನ್ನಾಗಿತ್ತು ಎಂದರಂತೆ ವೈದ್ಯರು.

ಆ ಬೆರಳಿನ ನೆನಪಿನಲ್ಲಿ ಈ ಪಾಠವನ್ನು ಬರೆಯುತ್ತಿದ್ದೇನೆ.

ಯಾಜಕರು ಚರ್ಮ ಪರೀಕ್ಷಿಸುತ್ತಿದ್ದ ಕಾಲ

ಈ ಭಯ ಇಂದಿನದಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 13ನೆಯ ಅಧ್ಯಾಯವನ್ನು ತೆರೆದು ನೋಡಿ. ಚರ್ಮದ ಮೇಲೆ ಮಚ್ಚೆ ಎದ್ದವರು ಯಾಜಕನ ಬಳಿ ಬರಬೇಕಿತ್ತು. ಅನುಮಾನವಿದ್ದರೆ ಅವನು ಅವರನ್ನು ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ನೋಡುತ್ತಿದ್ದ. ಅಶುದ್ಧರೆಂದು ಸಾರಿದರೆ ಅವರು ಪಾಳೆಯದ ಹೊರಗೇ ವಾಸಿಸಬೇಕಿತ್ತು. ಅಲ್ಲಿ ಬಳಸಿರುವ ಹೀಬ್ರೂ ಪದ ಬಟ್ಟೆಯ ಮೇಲಿನ ಕಲೆಗೂ ಮನೆಯ ಗೋಡೆಯ ಕಲೆಗೂ ಅನ್ವಯಿಸುತ್ತದೆ. ಎಂದರೆ, ಅದು ಇಂದು ನಾವು ಕುಷ್ಠವೆನ್ನುವ ಒಂದೇ ರೋಗದ ಹೆಸರಲ್ಲ. ಬೈಬಲನ್ನು ಗ್ರೀಕ್ ಭಾಷೆಗೆ ತಂದವರು ಅದಕ್ಕೆ ‘ಲೆಪ್ರ’ ಎಂಬ ಪದವನ್ನಿಟ್ಟರು. ಹುರುಪೆ ಏಳುವ ಚರ್ಮರೋಗ ಎಂಬುದು ಆ ಪದದ ಮೂಲಾರ್ಥ. ಆ ಹೆಸರಿನಡಿ ಸೋರಿಯಾಸಿಸ್ ಇದ್ದವರೂ ಸೇರಿ ಹೊರಗೆ ತಳ್ಳಲ್ಪಟ್ಟಿರಬೇಕು ಎಂಬುದು ವೈದ್ಯಕೀಯ ಇತಿಹಾಸಕಾರರ ಅಭಿಪ್ರಾಯ.

ಈ ಎರಡು ರೋಗಗಳನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಬೇರ್ಪಡಿಸಿದ್ದು ತೀರಾ ತಡವಾಗಿ. ವಿಯೆನ್ನಾದ ವೈದ್ಯ ಫರ್ಡಿನಾಂಡ್ ಫಾನ್ ಹೆಬ್ರ 1841ರಲ್ಲಿ ಸೋರಿಯಾಸಿಸ್ಸೇ ಬೇರೆ, ಕುಷ್ಠವೇ ಬೇರೆ ಎಂದು ತೋರಿಸಿಕೊಟ್ಟರು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಸೋರಿಯಾಸಿಸ್‌ಗೆ ಅಂಥ ಹರಡುವ ರೋಗಾಣುವೇ ಇಲ್ಲ.

ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಇಂಥ ಒಬ್ಬ ರೋಗಿ ಪ್ರಭು ಯೇಸುವಿನ ಬಳಿಗೆ ಬರುತ್ತಾನೆ. ಪ್ರಭು ಮಾತಿನಿಂದಲೇ ಗುಣಪಡಿಸಬಹುದಿತ್ತು. ಆದರೂ ಕೈಚಾಚಿ ಅವನನ್ನು ಮುಟ್ಟಿದರು. ಆಮೇಲೆ, ಯಾಜಕನಿಗೆ ಹೋಗಿ ತೋರಿಸು ಎಂದು ಕಳಿಸಿದರು. ನಾನೂ ಯಾಜಕನೇ. ಆದರೆ ಇಂದು ಚರ್ಮ ನೋಡಿ ರೋಗ ಹೇಳುವ ಕೆಲಸ ವೈದ್ಯರದು. ಅವರ ಬಳಿಗೆ ಕಳಿಸುವುದು ಮತ್ತು ಹೊರಗೆ ನಿಂತವರನ್ನು ಒಳಗೆ ಕರೆಯುವುದು ನನ್ನ ಕೆಲಸ, ನಿಮ್ಮದೂ ಹೌದು.

ಚರ್ಮದಲ್ಲಿ ನಡೆಯುವುದೇನು?

ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಿರುತ್ತದೆ. ಕೆಳಗೆ ಹುಟ್ಟಿದ ಕಣ ಮೇಲಕ್ಕೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಇದೇ ಕೆಲಸ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಉದುರಲು ಸಮಯ ಸಾಲದೆ ಕಣಗಳು ಒಂದರ ಮೇಲೊಂದು ಕೂತು ಬಿಳಿ ಹುರುಪೆಯಾಗುತ್ತವೆ. ಅದರ ಅಡಿಯಲ್ಲಿ ಉರಿಯೂತದಿಂದ ಚರ್ಮ ಕೆಂಪಾಗಿರುತ್ತದೆ.

ಇದಕ್ಕೆ ಕಾರಣ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳು ದಾರಿತಪ್ಪಿ ಸ್ವಂತ ಚರ್ಮವನ್ನು ಕೆರಳಿಸುತ್ತವೆ. ವಂಶದ ಪಾಲೂ ಇದೆ. ಆದರೆ ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಎಂದೇನಿಲ್ಲ. ಪೂರ್ವಜರ ಪಾಪ, ಸರ್ಪದೋಷ, ಯಾರದೋ ಶಾಪ ಎನ್ನುವುದಕ್ಕೆ ಇಲ್ಲಿ ಎಡೆಯೇ ಇಲ್ಲ. ಭಾರತದಲ್ಲಿ ಸಾವಿರ ವಯಸ್ಕರಲ್ಲಿ ನಾಲ್ಕೈದು ಮಂದಿಯಿಂದ ಹಿಡಿದು ಇಪ್ಪತ್ತೆಂಟು ಮಂದಿಯವರೆಗೆ ಇದು ಇರಬಹುದೆಂದು ಅಂದಾಜು. ನಿಮ್ಮ ಊರಿನಲ್ಲೂ ಯಾರಿಗಾದರೂ ಇರಬಹುದು.

ಆರಂಭದ ಗುರುತುಗಳು

1. ಮಚ್ಚೆ: ಅಂಚು ಸ್ಪಷ್ಟವಾಗಿರುವ, ಸ್ವಲ್ಪ ಉಬ್ಬಿದ ಮಚ್ಚೆ, ಮೇಲೆ ಬೆಳ್ಳಿಯ ಬಣ್ಣದ ಒಣ ಹುರುಪೆ. ಪುಸ್ತಕಗಳಲ್ಲಿ ಕೆಂಪು ಎಂದಿರುತ್ತದೆ. ನಮ್ಮ ಮೈಬಣ್ಣದವರಲ್ಲಿ ಅದು ನೇರಳೆ, ಕಂದು ಅಥವಾ ಬೂದು ಬಣ್ಣವಾಗಿಯೂ ಕಾಣಬಹುದು. ಕೆಂಪಿಲ್ಲವೆಂದು ಸುಮ್ಮನಾಗಬೇಡಿ.

2. ಜಾಗ: ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ, ಹೊಕ್ಕಳು, ಕಿವಿಯ ಹಿಂದೆ. ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಜೋಡಿಯಾಗಿ ಕಾಣಿಸುತ್ತದೆ.

3. ತಲೆ: ಬರಿಯ ತಲೆಹೊಟ್ಟಾದರೆ ತೆಳುವಾಗಿ ಎಲ್ಲೆಡೆ ಹರಡಿರುತ್ತದೆ. ಇಲ್ಲಿ ದಪ್ಪ ಹೊಟ್ಟು ಅಲ್ಲಲ್ಲಿ ಪದರವಾಗಿ ಕೂತು, ಕೂದಲಿನ ಗಡಿ ದಾಟಿ ಹಣೆಗೂ ಇಳಿಯುತ್ತದೆ.

4. ಉಗುರು: ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು, ಉಗುರಿನ ಅಡಿಯಲ್ಲಿ ಎಣ್ಣೆ ಬಿದ್ದಂಥ ಹಳದಿ ಕಲೆ, ಉಗುರು ದಪ್ಪವಾಗುವುದು ಅಥವಾ ಬುಡದಿಂದ ಬಿಟ್ಟುಕೊಳ್ಳುವುದು.

5. ಗಾಯವಾದ ಕಡೆ: ತರಚಿದ, ಸುಟ್ಟ ಅಥವಾ ಕೆರೆದುಕೊಂಡ ಜಾಗದಲ್ಲೇ ಕೆಲವು ದಿನಗಳ ಬಳಿಕ ಹೊಸ ಮಚ್ಚೆ ಏಳುವುದು.

6. ಮಕ್ಕಳಲ್ಲಿ: ಗಂಟಲುನೋವು, ಜ್ವರ ಬಂದುಹೋದ ಎರಡು ಮೂರು ವಾರಗಳಲ್ಲಿ ಮೈತುಂಬ ಮಳೆಹನಿಯಂಥ ಸಣ್ಣ ಮಚ್ಚೆಗಳು.

7. ಅಂಗೈ, ಅಂಗಾಲು: ದಪ್ಪವಾಗಿ, ಒಣಗಿ, ಸೀಳುವುದು. ಪಾತ್ರೆ ತೊಳೆಯುವ ಸೋಪಿನಿಂದ ಎಂದುಕೊಂಡು ಅನೇಕ ತಾಯಂದಿರು ವರ್ಷಗಟ್ಟಲೆ ಸಹಿಸುತ್ತಾರೆ.

ತುರಿಕೆ ಕೆಲವರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ನಮ್ಮ ಕೋಲಾರದ ಕಡೆ ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಹೆಚ್ಚಾಗಿ, ಬೇಸಿಗೆಯಲ್ಲಿ ತುಸು ತಗ್ಗುವುದುಂಟು. ತಗ್ಗಿತೆಂದರೆ ಹೋಯಿತೆಂದಲ್ಲ.

ಯಾವುದು ಯಾವುದಲ್ಲ?

ಹುಳುಕಡ್ಡಿ ಅಥವಾ ಗಜಕರ್ಣ ಉಂಗುರದಂತೆ ಬೆಳೆಯುತ್ತದೆ. ಅಂಚಿನಲ್ಲಿ ಉಬ್ಬಿ ನಡುವೆ ತಿಳಿಯಾಗುತ್ತದೆ, ತುಂಬ ತುರಿಸುತ್ತದೆ, ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಇಸುಬು ಸಾಮಾನ್ಯವಾಗಿ ಮೊಣಕೈಯ ಒಳಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಬಂದು ಕೆಲವೊಮ್ಮೆ ನೀರೊಸರುತ್ತದೆ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಹುರುಪೆ ಏಳುವುದಿಲ್ಲ.

ಕುಷ್ಠದ ಮಚ್ಚೆ ಬಹುಮಟ್ಟಿಗೆ ಮಾಸಲು ಬಣ್ಣದ್ದು. ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಸೋರಿಯಾಸಿಸ್‌ನಲ್ಲಿ ಸ್ಪರ್ಶ ಹಾಗೇ ಇರುತ್ತದೆ. ಒಂದು ವೇಳೆ ಕುಷ್ಠವೇ ಆದರೂ ಎದೆಗುಂದಬೇಕಿಲ್ಲ. ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಗಳಿಂದ ಅದು ಪೂರ್ತಿ ವಾಸಿಯಾಗುತ್ತದೆ; ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಇಷ್ಟೆಲ್ಲ ಬರೆದದ್ದು ನೀವು ಮನೆಯಲ್ಲೇ ತೀರ್ಪು ಕೊಡಲೆಂದಲ್ಲ. ನೋಡಿ ಗುರುತಿಸುವುದು ವೈದ್ಯರಿಗೂ ಕೆಲವೊಮ್ಮೆ ಕಷ್ಟ. ಆಗ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷಿಸುತ್ತಾರೆ.

ಕೀಲುಗಳನ್ನು ಮರೆಯಬೇಡಿ

ಸೋರಿಯಾಸಿಸ್ ಇರುವ ಹತ್ತು ಮಂದಿಯಲ್ಲಿ ಇಬ್ಬರು ಮೂವರಿಗೆ ಕೀಲುಗಳಿಗೂ ಉರಿಯೂತ ತಗಲಬಹುದು. ಸಾಮಾನ್ಯವಾಗಿ ಚರ್ಮದಲ್ಲಿ ಕಾಣಿಸಿಕೊಂಡ ಕೆಲವು ವರ್ಷಗಳ ನಂತರ ಇದು ಶುರುವಾಗುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಕಾಲ ಕೀಲುಗಳು ಬಿಗಿಯಾಗಿರುವುದು, ಒಂದು ಬೆರಳು ಬುಡದಿಂದ ತುದಿಯವರೆಗೆ ಊದುವುದು, ಹಿಮ್ಮಡಿ ನೋವು, ಬೆನ್ನಿನ ಕೆಳಭಾಗದ ಬಿಗಿತ — ಇವೇ ಸೂಚನೆಗಳು. ಉಗುರಿನಲ್ಲಿ ಗುಳಿ ಬಿದ್ದವರು ಇನ್ನೂ ಎಚ್ಚರವಾಗಿರಬೇಕು. ಒಮ್ಮೆ ಸವೆದ ಕೀಲು ಹಿಂದಿನಂತಾಗುವುದಿಲ್ಲ. ಬೇಗ ಗುರುತಿಸಿದರೆ ಸವೆಯದಂತೆ ತಡೆಯಬಹುದು. ಟೊಮೆಟೊ ಬಿಡಿಸುವ, ಹಾಲು ಕರೆಯುವ, ಹೊಲಿಗೆಯಂತ್ರ ತುಳಿಯುವ ನಮ್ಮ ಜನರಿಗೆ ಕೈಕಾಲೇ ಆಸ್ತಿಯಲ್ಲವೇ?

ಮಾಡಬೇಕಾದದ್ದು, ಮಾಡಬಾರದದ್ದು

ಮೊದಲು ಚರ್ಮವೈದ್ಯರಿಗೆ ತೋರಿಸಿ. ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಿ. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಇದೆ.

ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಅಂಗಡಿಯಲ್ಲಿ ಕೇಳಿ ಹಚ್ಚಬೇಡಿ. ವೈದ್ಯರು ಅಳತೆ ಹೇಳಿ ಕೊಟ್ಟರೆ ಅದೇ ಔಷಧಿ. ಮನಬಂದಂತೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟೊಡನೆ ರೋಗ ಮರುಕಳಿಸುತ್ತದೆ. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ರೋಗ ಉಗ್ರರೂಪ ತಾಳಬಹುದು. ಮೈಯೆಲ್ಲ ಕೆಂಪಾಗಿ ಚಳಿಜ್ವರ ಬಂದರೆ, ಅಥವಾ ಕೀವುಗುಳ್ಳೆಗಳೆದ್ದರೆ, ಆ ದಿನವೇ ಆಸ್ಪತ್ರೆಗೆ ಹೋಗಿ.

ಹುರುಪೆಯನ್ನು ಕಲ್ಲಿನಿಂದ ಉಜ್ಜುವುದು, ಎಕ್ಕದ ಹಾಲು ಹಚ್ಚುವುದು ಬೇಡ. ಗಾಯವಾದ ಕಡೆ ರೋಗ ಹೆಚ್ಚುತ್ತದೆಂದು ಮೇಲೆ ಹೇಳಿದೆನಲ್ಲ. ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ ಚರ್ಮವನ್ನು ಮೆತ್ತಗಿಡುವುದು ಒಳ್ಳೆಯದು. ಕುಡಿತ, ಬೀಡಿ, ಸಿಗರೇಟು, ಮನಸ್ಸಿನ ಒತ್ತಡ ರೋಗವನ್ನು ಕೆರಳಿಸುತ್ತವೆ. ರಕ್ತದೊತ್ತಡದ, ಮಲೇರಿಯಾದ ಕೆಲವು ಮಾತ್ರೆಗಳಿಂದಲೂ ಹೆಚ್ಚಬಹುದು. ಅವನ್ನು ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಒಂದು ಮಾತನ್ನು ಅಡಿಗೆರೆ ಎಳೆದು ಓದಿಕೊಳ್ಳಿ. ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಯಾವ ವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮದ್ಯದ ಜೊತೆ ಇದು ಯಕೃತ್ತನ್ನು ಕೆಡಿಸುತ್ತದೆ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು. ಮದುವೆಯ, ಮಗುವಿನ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಈ ರೋಗವನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ಇಲ್ಲ. ಖಂಡಿತ ವಾಸಿಮಾಡುತ್ತೇವೆಂಬ ಜಾಹೀರಾತನ್ನು ನಂಬಿ ಸಾಲ ಮಾಡಬೇಡಿ. ಆದರೆ ಮುಲಾಮು, ಬೆಳಕಿನ ಚಿಕಿತ್ಸೆ, ಮಾತ್ರೆ, ಹೊಸ ಇಂಜೆಕ್ಷನ್‌ಗಳಿಂದ ಹತೋಟಿಯಲ್ಲಿಟ್ಟು ಎಲ್ಲರಂತೆ ಬಾಳಬಹುದು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ರೋಗದ ಕುರಿತು ನಿರ್ಣಯ ಕೈಗೊಂಡು, ರೋಗಿಗಳನ್ನು ದೂರವಿಡುವ ಕಳಂಕದ ವಿರುದ್ಧ ಹೋರಾಡುವಂತೆ ರಾಷ್ಟ್ರಗಳಿಗೆ ಕರೆ ಕೊಟ್ಟಿತು.

ಮನೆಯವರಿಗೆ, ನೆರೆಯವರಿಗೆ

ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ, ಗಂಡ ಹೆಂಡತಿಯ ಸಹವಾಸದಿಂದ ಇದು ಹರಡುವುದಿಲ್ಲ. ಆದ್ದರಿಂದ ಬೇರೆ ಲೋಟ, ಬೇರೆ ಟವೆಲ್ ಇಡಬೇಡಿ. ಚರ್ಮದ ತುರಿಕೆಗಿಂತ ಆ ಬೇರೆ ಲೋಟ ಹೆಚ್ಚು ನೋಯಿಸುತ್ತದೆ. ದೇವಾಲಯದಲ್ಲಿ ಅಂಥವರ ಪಕ್ಕದ ಜಾಗ ಖಾಲಿ ಬಿಡಬೇಡಿ.

ಮದುವೆಯ ವಿಷಯ. ಧರ್ಮಸಭೆಯ ನಿಯಮದಲ್ಲಿ ಈ ರೋಗ ವಿವಾಹಕ್ಕೆ ಅಡ್ಡಿಯೇ ಅಲ್ಲ. ಆದರೆ ಮುಚ್ಚಿಟ್ಟು ಮದುವೆ ಮಾಡಬೇಡಿ. ನಿಶ್ಚಯಕ್ಕೆ ಮೊದಲೇ ಎರಡೂ ಕಡೆಯವರು ಕೂತು ಮಾತನಾಡಲಿ. ಬೇಕಾದರೆ ವೈದ್ಯರ ಬಳಿಗೆ ಒಟ್ಟಿಗೆ ಹೋಗಲಿ. ಮುಚ್ಚಿದ ತೋಳು ಎಷ್ಟು ದಿನ ಕಾಪಾಡೀತು? ಗೊತ್ತಿದ್ದೂ ಕೈಹಿಡಿದವರ ಜೊತೆಗಿನ ಬಾಳು ನೆಮ್ಮದಿಯದು.

ನಾನು ಹೇಳಿದ ಹುಡುಗಿ ಈಗ ಮಾತ್ರೆ ನುಂಗುತ್ತಿದ್ದಾಳೆ. ಬೆರಳಿನ ಊತ ಇಳಿದಿದೆ, ಪೂರ್ತಿ ಮಡಚಲು ಬರುವುದಿಲ್ಲ. ಕತ್ತರಿ ಹಿಡಿಯುತ್ತಾಳೆ. ಕಳೆದ ಸಲ ಹೋದಾಗ ಅರ್ಧ ತೋಳಿನ ಉಡುಪಿನಲ್ಲಿ ಕಾಫಿ ತಂದುಕೊಟ್ಟಳು.

ಮನೆಯಲ್ಲಿ ಕೂತು ಯೋಚಿಸಲು

1. ನಮ್ಮ ಮನೆಯಲ್ಲಿ ಯಾರಾದರೂ ಮೈಮೇಲಿನ ಯಾವುದನ್ನಾದರೂ ನಾಚಿಕೆಯಿಂದ ಮುಚ್ಚಿಡುತ್ತಿದ್ದಾರೆಯೇ? ಅವರು ನಮ್ಮೊಡನೆ ಹೇಳಿಕೊಳ್ಳುವಂತೆ ನಾವಿದ್ದೇವೆಯೇ?

2. ಚರ್ಮರೋಗ ಇರುವವರ ಕೈಯಿಂದ ನೀರು ಕುಡಿಯಲು ನಾನು ಹಿಂಜರಿದದ್ದುಂಟೇ? ಆ ಹಿಂಜರಿಕೆಗೆ ಕಾರಣ ತಿಳಿವಳಿಕೆಯೋ, ಭಯವೋ?

3. ಈ ಪುಟವನ್ನು ಓದಬೇಕಾದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ಓದಲು ಬಾರದವರಾದರೆ, ಓದಿ ಹೇಳುವವರು ಯಾರು?