ಹೊಲಿದ ಟಾಯರನ್ನು ಅಂಟಿಸುವ ಬಗೆ

ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ಪಂಕ್ಚರು ತಿದ್ದುವವನ ಅಂಗಡಿಯನ್ನು ಕಾಣದ ವಿದ್ಯಾರ್ಥಿಯಿಲ್ಲ. ನೀರು ತುಂಬಿದ ಹಳೆಯ ಬೋಗುಣಿ, ಒಂದು ತುಂಡು ಉಜ್ಜುಕಾಗದ, ಸೊಲ್ಯೂಶನ್ನಿನ ಡಬ್ಬಿ, ಎರಡು ಚಪ್ಪಟೆ ಸಲಾಕೆಗಳು. ಇಷ್ಟೇ ಅವನ ಸರಂಜಾಮು. ಟಾಯರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಒಳಗಿನ ಟ್ಯೂಬನ್ನು ಹೊರಗೆಳೆದು, ಹತ್ತು ನಿಮಿಷದಲ್ಲಿ ಅವನು ಕೆಲಸ ಮುಗಿಸುವನು. ಆದರೆ ಸ್ಪರ್ಧೆಯ ಸೈಕಲ್ಲುಗಳಲ್ಲಿ ಇನ್ನೊಂದು ಜಾತಿಯ ಟಾಯರುಂಟು. ಅದನ್ನು ಮುಂದಿಟ್ಟರೆ ಆತನೂ ಕೈಕಟ್ಟಿ ಕೂಡುವನು. ಏಕೆಂದರೆ ಅದಕ್ಕೆ ಎಬ್ಬಿಸಲು ಅಂಚೇ ಇಲ್ಲ.

ಇದನ್ನು ಟ್ಯೂಬ್ಯುಲರ್ ಟಾಯರು ಎನ್ನುತ್ತಾರೆ. ಹತ್ತಿಯ, ರೇಶಿಮೆಯ ಇಲ್ಲವೆ ನೈಲಾನಿನ ನೂಲಿನ ಬಟ್ಟೆಯನ್ನು ತೆಳುವಾದ ಟ್ಯೂಬಿನ ಸುತ್ತ ಮಡಿಸಿ, ದಿಂಬಿನ ಗವಸಿನಂತೆ ಒಳಮಗ್ಗುಲಲ್ಲಿ ಹೊಲಿದುಬಿಟ್ಟಿರುತ್ತಾರೆ. ಹೊಲಿಗೆಯ ಮೇಲೆ ಒಂದು ಬಟ್ಟೆಯ ಪಟ್ಟಿ, ನೆಲಕ್ಕೆ ತಾಗುವ ಮಗ್ಗುಲಲ್ಲಿ ರಬ್ಬರಿನ ಪಟ್ಟಿ. ಇದನ್ನು ಧರಿಸುವ ರಿಮ್ಮಿಗೆ ಕೊಕ್ಕೆಯಂಥ ಅಂಚುಗಳಿಲ್ಲ. ಕೇವಲ ತಗ್ಗಾದ ಒಂದು ಹಾಸು. ಆ ಹಾಸಿಗೆ ಟಾಯರನ್ನು ಹಿಡಿದಿಡುವುದು ಅಂಟು.

ವಾಸ್ತವವಾಗಿ ಟಾಯರಿನ ಇತಿಹಾಸವು ಅಂಟಿನಿಂದಲೇ ಆರಂಭವಾಗುತ್ತದೆ. ಡನ್ಲಪ್ ಎಂಬ ಪಶುವೈದ್ಯನು 1888ರಲ್ಲಿ ಬೆಲ್ಫಾಸ್ಟ್ ನಗರದಲ್ಲಿ ಗಾಳಿಯ ಟಾಯರಿಗೆ ಪೇಟೆಂಟು ಪಡೆದನು. ಆ ಟಾಯರು ಗಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಪಂಕ್ಚರಾದರೆ ಕೀಳಲು ಗಂಟೆಗಳೇ ಬೇಕು, ಮರಳಿ ಅಂಟು ಒಣಗಲು ಒಂದು ರಾತ್ರಿ. ಈ ತೊಡಕನ್ನು ಕಣ್ಣಾರೆ ಕಂಡ ಫ್ರಾನ್ಸಿನ ಮಿಶಲಿನ್ ಸೋದರರು ಕಳಚಬಹುದಾದ ಟಾಯರನ್ನು ನಿರ್ಮಿಸಿದರು. 1891ರಲ್ಲಿ ಶಾರ್ಲ್ ತೆರೋಂ ಎಂಬವನು ಆ ಟಾಯರುಗಳ ಮೇಲೆಯೇ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರುಗಳ ಪಂದ್ಯವನ್ನು ಗೆದ್ದನು. ಆದರೂ ಹಗುರವಾದ ಕಾರಣ ಅಂಟಿಸುವ ಟಾಯರೇ ಮುಂದೆ ಬಹುಕಾಲ ಸ್ಪರ್ಧಾಳುಗಳ ಮೆಚ್ಚಿನದಾಗಿ ಉಳಿಯಿತು. ಇಂದು ರಸ್ತೆಯ ಪಂದ್ಯಗಳಲ್ಲಿ ಟ್ಯೂಬಿಲ್ಲದ ಟಾಯರುಗಳು ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ವೆಲೊಡ್ರೋಮಿನ ಓಟಗಳಲ್ಲಿ ಅದು ಇನ್ನೂ ಬಳಕೆಯಲ್ಲಿದೆ.

ಇಲ್ಲೊಂದು ಚಿಕ್ಕ ಪ್ರಯೋಗವನ್ನು ವಿದ್ಯಾರ್ಥಿಗಳು ಮಾಡಿನೋಡಬೇಕು. ಚೌಕದ ಕರವಸ್ತ್ರವೊಂದನ್ನು ಎದುರುಬದುರಿನ ಎರಡು ಮೂಲೆಗಳಲ್ಲಿ ಹಿಡಿದು ಎಳೆಯಿರಿ. ಎಳೆದ ಕಡೆಗೆ ಬಟ್ಟೆ ಉದ್ದವಾಗುವುದು. ಉಳಿದೆರಡು ಮೂಲೆಗಳು ಒಂದಕ್ಕೊಂದು ಸಮೀಪಿಸುವವು. ಟಾಯರಿನ ನೂಲುಗಳೂ ಹೀಗೆಯೇ ಸುಮಾರು 45 ಅಂಶ ಓರೆಯಾಗಿ ಹಾಯ್ದಿರುತ್ತವೆ. ಗಾಳಿ ತುಂಬಿದಾಗ ಟಾಯರು ಅಡ್ಡಕ್ಕೆ ಉಬ್ಬುತ್ತದೆ. ಉದ್ದದಲ್ಲಿ, ಅಂದರೆ ಸುತ್ತಳತೆಯಲ್ಲಿ, ಕುಗ್ಗುತ್ತದೆ. ಕುಗ್ಗಿ ರಿಮ್ಮನ್ನು ಬಿಗಿದಪ್ಪುತ್ತದೆ. ಆದುದರಿಂದ ಗಾಳಿಯಿರುವವರೆಗೆ ಕೆಟ್ಟ ಅಂಟೂ ತನ್ನ ಕೆಡುಕನ್ನು ಮುಚ್ಚಿಕೊಂಡಿರಬಲ್ಲದು. ಗಾಳಿ ಹೋದ ಕ್ಷಣದಲ್ಲಿ ಆ ಅಪ್ಪುಗೆ ಸಡಿಲುತ್ತದೆ, ಸವಾರನ ಭಾರವೆಲ್ಲ ಅಂಟಿನ ಮೇಲೆಯೇ ಬೀಳುತ್ತದೆ.

ಈ ತತ್ತ್ವವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗರಿಗೆ ಸೈಕಲ್ ಪಂದ್ಯದ ಹುಚ್ಚು ಎಷ್ಟೆಂಬುದು ಕನ್ನಡಿಗರಿಗೆ ತಿಳಿದ ವಿಷಯ. ಆ ಕಡೆಯ ನಮ್ಮ ಅಕ್ಕನ ಮಗನು ಓದಲೆಂದು ಬಂದು ಡೊಂಬಿವಲಿಯಲ್ಲಿ ನಮ್ಮಲ್ಲೇ ಇದ್ದನು. ಮುಂಬಯಿ-ಪುಣೆ ಸ್ಪರ್ಧೆಯಲ್ಲಿ ಬೋರ್ ಘಾಟವನ್ನು ಎಲ್ಲರಿಗಿಂತ ಮೊದಲು ಏರಿದವನಿಗೆ ಮರಾಠಿಯಲ್ಲಿ ‘ಘಾಟಾಚಾ ರಾಜಾ’ ಎಂಬ ಬಿರುದುಂಟು. ಅದೇ ಅವನ ಕನಸು. ಯಾರೋ ಬಳಸಿ ಬಿಟ್ಟ ಒಂದು ಜೊತೆ ಗಾಲಿಗಳನ್ನು ಕೊಂಡುತಂದು, ಜುಲೈ ತಿಂಗಳ ಜಡಿಮಳೆಯ ಒಂದು ಸಂಜೆ ನಾವಿಬ್ಬರೂ ಅಂಟು ಹಚ್ಚಲು ಕುಳಿತೆವು. ಒಂದು ಸಲ ಹಚ್ಚಿಯಾದ ಮೇಲೆ ಅವನು, “ಮಾಮಾ, ಇನ್ನೊಂದ್ ಸಲ ಹಚ್ಚೂಣೇನ್ರಿ?” ಎಂದನು. “ಸಾಕು ಬಿಡೋ” ಎಂದೆವು ನಾವು.

ನಾಲ್ಕು ದಿನಗಳ ತರುವಾಯ ಬೆಳಗಿನ ಜಾವ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಗಾಜಿನ ಚೂರೊಂದು ಹಿಂದಿನ ಟಾಯರಿಗೆ ನಾಟಿತು. ಗಾಳಿ ಮೆಲ್ಲನೆ ಇಳಿದುದು ಹುಡುಗನಿಗೆ ಗೊತ್ತಾಗಲಿಲ್ಲ. ತಿರುವಿನಲ್ಲಿ ಟಾಯರು ರಿಮ್ಮನ್ನು ಬಿಟ್ಟು ಮಗ್ಗುಲಿಗೆ ಉರುಳಿತು. ಅವನ ಹೆಗಲಿನ ಎಲುಬು ಬಿರಿಯಿತು. ಮನೆಗೆ ತಂದ ಗಾಲಿಯನ್ನು ನೋಡಿದಾಗ ನಮಗೆ ನಾಚಿಕೆಯಾಯಿತು: ಟಾಯರಿನ ಪಟ್ಟಿಗೆ ಅಂಟು ಹತ್ತಿಯೇ ಇರಲಿಲ್ಲ, ಆಗತಾನೆ ಅಂಗಡಿಯಿಂದ ತಂದ ಬಟ್ಟೆಯಂತೆ ಬೆಳ್ಳಗಿತ್ತು. ರಿಮ್ಮಿನ ಅಂಟಿನ ಮೇಲೆ ಬಿಳಿಯ ಪೊರೆಯೊಂದು ಕೂತಿತ್ತು.

ಆ ಪೊರೆ ಎಲ್ಲಿಯದು? ಅಂಟಿನಲ್ಲಿರುವ ದ್ರಾವಕವು ಬೇಗನೆ ಆವಿಯಾಗುವಾಗ, ಮಣ್ಣಿನ ಗಡಿಗೆ ತಣ್ಣಗಾಗುವಂತೆ, ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಖಾಡಿಯ ದಂಡೆಯ ಈ ಊರುಗಳ ಮಳೆಗಾಲದ ಗಾಳಿಯಲ್ಲಿ ತೇವವು ತುಂಬಿರುವುದರಿಂದ ಅದು ಆ ತಂಪಿನ ಮೇಲೆ ಇಬ್ಬನಿಯಾಗಿ ಕೂಡುತ್ತದೆ. ನೀರಿನ ಮೇಲೆ ಅಂಟು ಹಿಡಿಯದು. ಆದುದರಿಂದ ಮಳೆ ಬಿಟ್ಟ ಒಣ ದಿನವನ್ನೇ ಈ ಕೆಲಸಕ್ಕೆ ಆರಿಸಬೇಕು. ದ್ರಾವಕದ ಆವಿಯು ಬೆಂಕಿಗೆ ತಟ್ಟನೆ ಹೊತ್ತಿಕೊಳ್ಳುವುದು. ಕಿಟಕಿಗಳನ್ನು ತೆರೆದಿಟ್ಟು, ಒಲೆ, ದೇವರ ದೀಪ, ಊದುಬತ್ತಿಗಳಿಂದ ದೂರ ಕುಳಿತು, ಹಿರಿಯರ ಎದುರಿನಲ್ಲೇ ಮಾಡತಕ್ಕದ್ದು.

ಇನ್ನು ಕ್ರಮ. ಹೊಸ ಟಾಯರು ಬಲು ಬಿಗಿಯಾಗಿರುವುದರಿಂದ ಮೊದಲು ಅಂಟಿಲ್ಲದೆಯೇ ಅದನ್ನು ರಿಮ್ಮಿಗೆ ಏರಿಸಿ, ಗಾಳಿ ತುಂಬಿ, ಒಂದೆರಡು ದಿನ ಹಿಗ್ಗಲು ಬಿಡಬೇಕು. ಬಳಿಕ ಅದನ್ನು ತೆಗೆದು, ಅಲ್ಯುಮಿನಿಯಮ್ಮಿನ ರಿಮ್ಮಾದರೆ ಉಜ್ಜುಕಾಗದದಿಂದ ಹಗುರಾಗಿ ಉಜ್ಜಿ, ಅಸಿಟೋನಿನಲ್ಲಿ ತೊಯ್ಸಿದ ಬಟ್ಟೆಯಿಂದ ಒರೆಸಬೇಕು. ಕಾರ್ಬನ್ನಿನ ರಿಮ್ಮಿಗೆ ಉಜ್ಜುಕಾಗದ ಸಲ್ಲದು. ಈಗ ರಿಮ್ಮಿನ ಅಂಟನ್ನು ಚಿಕ್ಕ ಕುಂಚದಿಂದ ತೆಳ್ಳಗೆ, ಹಾಸಿನ ಎರಡೂ ಅಂಚುಗಳವರೆಗೆ ಹಚ್ಚಬೇಕು. ತಿರುವಿನಲ್ಲಿ ಟಾಯರನ್ನು ಮಗ್ಗುಲಿಗೆ ತಳ್ಳುವ ಬಲವು ಮೊದಲು ಕೀಳುವುದು ಅಂಚನ್ನೇ. ನಡುವೆ ಮೆತ್ತಿ ಅಂಚನ್ನು ಬಿಡುವುದು ಹೊಸಬರ ತಪ್ಪು. ಟಾಯರಿನ ಪಟ್ಟಿಗೂ ಒಂದು ಲೇಪ. ಒಂದು ರಾತ್ರಿ ಒಣಗಿದ ಮೇಲೆ ರಿಮ್ಮಿಗೆ ಎರಡನೆಯದು, ಮತ್ತೆ ಒಂದು ರಾತ್ರಿ. ಮೂರನೆಯ ಲೇಪ ಹಚ್ಚಿ, ಅದು ಬೆರಳಿಗೆ ಜಿಗುಟಾಗಿ ಹತ್ತುವ ಹದದಲ್ಲಿರುವಾಗಲೇ ಟಾಯರನ್ನು ಏರಿಸಬೇಕು.

ಏರಿಸುವಾಗ ಗಾಲಿಯನ್ನು ಶುಭ್ರವಾದ ನೆಲದ ಮೇಲೆ ನಿಲ್ಲಿಸಿ, ವಾಲ್ವಿನ ರಂಧ್ರವನ್ನು ಮೇಲಕ್ಕೆ ತಂದು, ವಾಲ್ವನ್ನು ಅದರಲ್ಲಿ ಸೇರಿಸಿ, ಎರಡೂ ಕೈಗಳಿಂದ ಟಾಯರನ್ನು ಎರಡು ಬದಿಗೂ ಸಮನಾಗಿ ಕೆಳಕ್ಕೆ ಎಳೆಯುತ್ತ ಹೋಗಬೇಕು. ಕೊನೆಯ ಒಂದು ಗೇಣು ಜಗ್ಗಾಡುವುದು. ಹೆಬ್ಬೆರಳುಗಳಿಂದ ಎತ್ತಿ ದಾಟಿಸಬೇಕು, ಸಲಾಕೆ ಮುಟ್ಟಬಾರದು. ಸ್ವಲ್ಪ ಗಾಳಿ ಹಾಕಿ ಗಾಲಿಯನ್ನು ತಿರುಗಿಸಿದರೆ ಡೊಂಕು ತಾನಾಗಿ ಕಾಣುವುದು. ತಿದ್ದಿದ ಮೇಲೆ ಪೂರ್ಣ ಗಾಳಿ, ಅಂದರೆ ಪ್ರತಿ ಚದರ ಅಂಗುಲಕ್ಕೆ 100ರಿಂದ 120 ಪೌಂಡು, ತುಂಬಿ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಇಡಬೇಕು. ಅನಂತರ ಗಾಳಿಯನ್ನೆಲ್ಲ ಬಿಟ್ಟು, ಹೆಬ್ಬೆರಳುಗಳಿಂದ ಟಾಯರನ್ನು ಮಗ್ಗುಲಿಗೆ ಬಲವಾಗಿ ಒತ್ತಿನೋಡಬೇಕು. ಎಲ್ಲಿಯಾದರೂ ಬಿಟ್ಟುಕೊಂಡರೆ ಮರಳಿ ಕೆಲಸ.

ಅಂಟಿಗೆ ಎರಡನೆಯ ಶತ್ರು ಕಾವು. ಖಂಡಾಳೆಯಿಂದ ಖೋಪೋಲಿಗೆ ಇಳಿಯುವವನು ಬ್ರೇಕನ್ನು ಹಿಡಿದೇ ಇದ್ದರೆ, ಬ್ರೇಕು ರಿಮ್ಮನ್ನೇ ಒತ್ತುವ ಸೈಕಲ್ಲಿನಲ್ಲಿ ರಿಮ್ಮು ಕಾಯ್ದು ಅಂಟು ಮೆತ್ತಗಾಗುವುದು. ಬಿಟ್ಟು ಬಿಟ್ಟು ಹಿಡಿಯಬೇಕು. 2003ರ ಜುಲೈ 14ರಂದು ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗಾಪ್ ಎಂಬ ಊರಿನ ಕಡೆಗೆ ಇಳಿಯುತ್ತಿದ್ದ ಸ್ಪೇನಿನ ಹೊಸೆಬ ಬೆಲೋಕಿಯ ಹಿಂದಿನ ಟಾಯರು, ಬಿಸಿಲಿಗೆ ಡಾಂಬರು ಕರಗಿದ ತಿರುವಿನಲ್ಲಿ ರಿಮ್ಮನ್ನು ಬಿಟ್ಟಿತು. ಅವನ ತೊಡೆಯೆಲುಬು ಮುರಿಯಿತು.

ಪಂಕ್ಚರಾದರೆ ತೂತಿನ ಬಳಿ ಪಟ್ಟಿಯನ್ನು ಎಬ್ಬಿಸಿ, ಎರಡು ಮೂರು ಅಂಗುಲ ಹೊಲಿಗೆ ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಹಳೆಯ ರಂಧ್ರಗಳಲ್ಲೇ ಗಟ್ಟಿ ದಾರದಿಂದ ಹೊಲಿಯಬೇಕು. ಇದು ಸೈಕಲ್ಲಿನ ಕೆಲಸಕ್ಕಿಂತ ಪಾದರಕ್ಷೆ ಹೊಲಿಯುವವರ ಕೆಲಸಕ್ಕೆ ಹತ್ತಿರ. ನಮಗೆ ಕೈಹಿಡಿದು ಕಲಿಸಿದವರೂ ಕಲ್ಯಾಣದ ಸ್ಟೇಶನ್ನಿನ ಬಳಿ ಕೂಡುವ ಅಂಥ ಒಬ್ಬ ವೃದ್ಧರೇ. ಸೂಜಿ ಟ್ಯೂಬಿಗೆ ತಾಗದಂತೆ ನಡುವೆ ರಟ್ಟಿನ ತುಂಡನ್ನಿಡಬೇಕೆಂದು ಅವರೇ ತೋರಿಸಿದರು. ದಾರಿಗೆಂದು ಒಯ್ಯುವ ಹೆಚ್ಚಿನ ಟಾಯರು ಹಿಂದೆ ಅಂಟಿಸಿ ತೆಗೆದದ್ದೇ ಆಗಿರಬೇಕು. ಹಳೆಯ ಅಂಟು ಮನೆ ಮುಟ್ಟುವವರೆಗೆ ಹಿಡಿದೀತು, ಆದರೆ ತಿರುವುಗಳಲ್ಲಿ ನಿಧಾನ.

ಹುಡುಗನ ಎಲುಬು ಕೂಡಲು ಆರು ವಾರ ಹಿಡಿಯಿತು. ಆ ಟಾಯರನ್ನು ನಾವು ದಸರೆಯ ರಜೆಯಲ್ಲಿ ಹೊಲಿದು ಮರಳಿ ಅಂಟಿಸಿದೆವು, ಐದು ದಿನಗಳಾದವು. ಹೆಬ್ಬೆರಳಿನ ಪರೀಕ್ಷೆಯನ್ನು ಮಾತ್ರ ಅವನು ನಮಗೆ ಬಿಡದೆ ತಾನೇ ಮಾಡಿದನು.