ಸಿಡಿಲಿನಿಂದ ಜೀವರಕ್ಷಣೆ: ಗ್ರಾಮ ಪಂಚಾಯತಿ ಸದಸ್ಯರ ಹೊಣೆ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಲ್ಲಿ ಸಿಡಿಲಿನ ಕಾಲ ಎರಡು: ಮುಂಗಾರಿಗೆ ಮುನ್ನ ಏಪ್ರಿಲ್-ಮೇ, ಅನಂತರ ಸೆಪ್ಟೆಂಬರ್-ಅಕ್ಟೋಬರ್. ಕಾದ ನೆಲದ ಬಿಸಿಗಾಳಿಯು ಮೇಲೇರಿ ಮೋಡ ಕಟ್ಟುವುದರಿಂದ ಮಧ್ಯಾಹ್ನದ ನಂತರ ಅಪಾಯ ಹೆಚ್ಚು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 2,887 ಜನರು ಸಿಡಿಲಿಗೆ ಬಲಿಯಾಗಿರುತ್ತಾರೆ.

ಅಪಾಯದ ಸ್ವರೂಪ

ತುಂಗಭದ್ರಾ ಎಡದಂಡೆ ಕಾಲುವೆಯ ಬಯಲು ಗದ್ದೆಯಲ್ಲಿ ನಾಟಿ ಮಾಡುವ ಆಳೇ ಸುತ್ತಲಿನ ಎತ್ತರದ ವಸ್ತುವಾಗುತ್ತಾನೆ. ಕಲ್ಲುಗುಡ್ಡಗಳಲ್ಲಿ ಕುರಿ ಕಾಯುವವನಿಗೆ ಕಾಣುವ ಆಸರೆ ಒಂಟಿ ಬೇವಿನ ಮರ. ಸಿಡಿಲು ಮೊದಲು ಎರಗುವುದೂ ಅದಕ್ಕೇ. ವಿದ್ಯುತ್ತು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ. ಬುಡದಿಂದ ನೆಲದಲ್ಲಿಯೂ ಹರಡುತ್ತದೆ. ಮರದಡಿಯ ಇಡೀ ಕುರಿಹಿಂಡು ಒಮ್ಮೆಗೇ ಸಾಯುವುದು ಈ ಕಾರಣದಿಂದ.

ಪಾಲಿಸಬೇಕಾದ ಕ್ರಮಗಳು

1. ಶಬ್ದವು 1 ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ, ಕೂಡಲೇ ಕೆಲಸ ನಿಲ್ಲಿಸಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು.
2. ಪಕ್ಕಾ ಕಟ್ಟಡ, ಮುಚ್ಚಿದ ಬಸ್ಸು ಅಥವಾ ಕಾರು ಸುರಕ್ಷಿತ. ಮರದಡಿ, ತೆರೆದ ಶೆಡ್ಡು, ಟ್ರ್ಯಾಕ್ಟರ್ ಸುರಕ್ಷಿತವಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬಾರದು.
3. ಆಸರೆ ಇಲ್ಲದಿದ್ದಲ್ಲಿ ನೀರಿನಿಂದ ಹೊರಬಂದು, ಗುಂಪಾಗಿರದೆ, ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು. ಇದು ಕೊನೆಯ ಉಪಾಯವೇ ಹೊರತು ರಕ್ಷಣೆಯ ಖಾತರಿಯಲ್ಲ.
4. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು; 108ಕ್ಕೆ ಕರೆ ಮಾಡಿಸಬೇಕು. ಸಗಣಿ ಬಳಿಯುತ್ತ ಸಮಯ ಕಳೆದರೆ ಉಳಿಯಬಹುದಾದ ಜೀವವೂ ಹೋಗುತ್ತದೆ.

ಪಂಚಾಯತಿಯ ಪಾತ್ರ

ಕೂಲಿ ಕಡಿತದ ಭಯದಿಂದಲೇ ಜನರು ಮೋಡ ಕಂಡರೂ ಕೆಲಸ ಬಿಡುವುದಿಲ್ಲ. ಆದ್ದರಿಂದ ಉದ್ಯೋಗ ಖಾತರಿ ಕಾಮಗಾರಿಗಳನ್ನು ಬೆಳಗಿನ ಜಾವವೇ ಆರಂಭಿಸಿ, ಮಧ್ಯಾಹ್ನದೊಳಗೆ ಅಳತೆಯ ಕೆಲಸ ಮುಗಿಯುವಂತೆ ಯೋಜಿಸುವುದು ಸೂಕ್ತ. ಗುಡುಗಿದಾಗ ಕೆಲಸ ನಿಲ್ಲಿಸುವ ಹೊಣೆಯನ್ನು ಕಾಯಕ ಬಂಧುವಿಗೆ ಸ್ಪಷ್ಟವಾಗಿ ವಹಿಸಬೇಕು. ‘ದಾಮಿನಿ’ ಮತ್ತು ‘ಸಿಡಿಲು’ ಆ್ಯಪ್‌ಗಳ ಮುನ್ಸೂಚನೆಯನ್ನು ನೋಡಲು ಒಬ್ಬ ಸಿಬ್ಬಂದಿಯನ್ನು ಗೊತ್ತುಪಡಿಸಿ, ಸ್ವಚ್ಛವಾಹಿನಿಯ ಧ್ವನಿವರ್ಧಕ ಹಾಗೂ ಡಂಗುರದ ಮೂಲಕ ಸಾರಿಸಬೇಕು.

ಸಾವು ಸಂಭವಿಸಿದಲ್ಲಿ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಮುಖ್ಯ ದಾಖಲೆ. ದುಃಖದಲ್ಲಿರುವ ಕುಟುಂಬವು ಅದಿಲ್ಲದೆ ಅಂತ್ಯಕ್ರಿಯೆ ಮುಗಿಸಿ ನೆರವಿನಿಂದ ವಂಚಿತವಾಗದಂತೆ ವಾರ್ಡಿನ ಸದಸ್ಯರು ಜೊತೆಗಿದ್ದು, ತಹಶೀಲ್ದಾರ್ ಕಚೇರಿಗೆ ಅಂದೇ ಮಾಹಿತಿ ನೀಡಬೇಕು.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿರಿ

ನಮ್ಮ ಪ್ರತಿ ಹಳ್ಳಿಯ ಹೊಲಗಳಿಗೆ ಹತ್ತಿರವಿರುವ ಪಕ್ಕಾ ಕಟ್ಟಡ ಯಾವುದು? ಅದರ ಬೀಗದ ಕೈ ಯಾರ ಬಳಿ ಇದೆ?